ಮುಂದಿನದು ಸಿಕ್ಕೇ ಸಿಗುತ್ತದೆಯೇ?

ಕಳೆದ ತಿಂಗಳು ಲಿಂಗಸುಗೂರಿನಲ್ಲಿ ಸಂಬಂಧಿಕರ ಮದುವೆ ಮುಗಿಸಿಕೊಂಡು ಸಿಂಧನೂರಿಗೆ ಮರಳುತ್ತಿದ್ದೆ. ಬಸ್ಸು ಮಸ್ಕಿಯಲ್ಲಿ ನಿಂತಾಗ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ತಾಯಿಯೊಂದಿಗೆ ಹತ್ತಿದ. "ನಮಸ್ಕಾರ್ರೀ ಸರ" ಎಂದವನೇ ನನ್ನ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಮುಳುಗಿಬಿಟ್ಟ.

ಆ ತಾಯಿ ಹಿಂದಿನ ಸೀಟಿನಿಂದಲೇ ದೂರು ಶುರು ಮಾಡಿದರು. "ನೋಡ್ರಿ ಸರ, ಊಟ ಬ್ಯಾಡ, ನಿದ್ದಿ ಬ್ಯಾಡ. ಅದೇನೋ ಗುಲಾಬಿ ಬಣ್ಣದ ಪ್ರಾಣಿ ಹಿಡೀಬೇಕಂತ, ಎಂಟು ದಿನ ಆತು. ನೀವಾದ್ರೂ ಒಂದಿಷ್ಟು ಬುದ್ಧಿ ಹೇಳ್ರಿ."

ಯಾವ ಪ್ರಾಣಿಯಪ್ಪಾ ಎಂದು ಕೇಳಿದೆ. ಹುಡುಗನ ಮುಖ ಅರಳಿತು. ಅದರ ಹೆಸರು ಚಾನ್ಸಿ ಅಂತೆ. ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ತೋರಿಸಿದ. ಐದೈದರ ಗುಂಪು ಮಾಡಿ ಗೀಟು ಹಾಕಿದ್ದ. ಎಣಿಸಿದರೆ ಸರಿಯಾಗಿ 200.

"ಇನ್ನೂರು ಪ್ರಾಣಿ ಬಂದು ಹೋದ್ವು ಸರ, ಅದು ಮಾತ್ರ ಬರಲಿಲ್ಲ. ಇಷ್ಟು ಸಲ ಬಂದಿಲ್ಲ ಅಂದ್ರ ಇನ್ನ ಮುಂದಿಂದು ಅದ ಇರ್ತದ್ರಿ. ಸಿಕ್ಕೇ ಸಿಗ್ತದ."

ಮಿತ್ರರೇ, ಆ ಕೊನೆಯ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. ಏಕೆಂದು ಆಮೇಲೆ ಹೇಳುತ್ತೇನೆ. ಮೊದಲು ಆಟದ ವಿಷಯಕ್ಕೆ ಬರೋಣ.

ಏನಿದು ಸಫಾರಿ ಜೋನ್?

1996ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಎಂಬ ಪುಟ್ಟ ಯಂತ್ರಕ್ಕಾಗಿ ಪೊಕೆಮಾನ್ ಆಟ ಬಿಡುಗಡೆಯಾಯಿತು. ಅದನ್ನು ರೂಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಡುವ ಹುಚ್ಚಿನವರು. ಆ ಹುಚ್ಚೇ ಆಟವಾಯಿತು. ಮೊದಲ ಆಟದಲ್ಲಿ 151 ಬಗೆಯ ಕಾಲ್ಪನಿಕ ಪ್ರಾಣಿಗಳಿದ್ದವು. 2016ರಲ್ಲಿ ಪೊಕೆಮಾನ್ ಗೋ ಬಂದಾಗ ಜನ ಮೊಬೈಲ್ ಹಿಡಿದು ಬೀದಿ ಬೀದಿ ಸುತ್ತಿದ್ದನ್ನು ಪಾಲಕರು ಪತ್ರಿಕೆಗಳಲ್ಲಿ ಓದಿರಬಹುದು. ನಮ್ಮ ಹುಡುಗ ಆಡುತ್ತಿದ್ದುದು ಮಾತ್ರ ಹಳೆಯ ಆಟವನ್ನೇ.

ಆ ಆಟದೊಳಗೊಂದು ವಿಶೇಷ ಅರಣ್ಯ, ಅದೇ ಸಫಾರಿ ಜೋನ್. ಆಟದ ಹಣದಲ್ಲಿ 500 ಕೊಟ್ಟರೆ 30 ಚೆಂಡು ಕೊಟ್ಟು ಒಳಗೆ ಬಿಡುತ್ತಾರೆ. 500 ಹೆಜ್ಜೆ ನಡೆಯಬಹುದು. ಹೆಜ್ಜೆ ಮುಗಿದರೆ, ಇಲ್ಲವೇ ಚೆಂಡು ತೀರಿದರೆ ಹೊರಗೆ. ಹುಲ್ಲಿನಲ್ಲಿ ನಡೆಯುವಾಗ ಪ್ರಾಣಿ ಎದುರಾಗುತ್ತದೆ. ಬೇರೆಡೆಯಂತೆ ಇಲ್ಲಿ ಅದರೊಡನೆ ಕಾದಾಡುವಂತಿಲ್ಲ. ಚೆಂಡು ಎಸೆಯಬಹುದು, ಆಹಾರ ಎಸೆಯಬಹುದು, ಕಲ್ಲು ಎಸೆಯಬಹುದು. ಆಹಾರ ಎಸೆದರೆ ಪ್ರಾಣಿ ಓಡಿಹೋಗುವ ಸಂಭವ ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ಸೆರೆ ಸಿಗುವ ಸಂಭವವೂ ಅರ್ಧಕ್ಕೆ ಇಳಿಯುತ್ತದೆ. ಕಲ್ಲು ಎಸೆದರೆ ಸೆರೆ ಸಿಗುವ ಸಂಭವ ದುಪ್ಪಟ್ಟು, ಸಿಟ್ಟಿಗೆದ್ದು ಓಡುವ ಸಂಭವವೂ ದುಪ್ಪಟ್ಟು.

ನೋಡಿದಿರಾ? ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಳ್ಳುವ ಏರ್ಪಾಡು. ಲೆಕ್ಕ ಬಲ್ಲವನಿಗೆ ಮಾತ್ರ ಯಾವುದು ಲಾಭ ಎಂದು ತಿಳಿಯುತ್ತದೆ. ಬಸ್ಸಿನಲ್ಲಿ ನಾವಿಬ್ಬರೂ ಆ ಲೆಕ್ಕಕ್ಕೇ ಕುಳಿತೆವು.

ಮೊದಲ ಉಪಾಯ: ಜಾಗ ಆರಿಸು

ಯಾವ ಪ್ರಾಣಿ ಎದುರಾಗಬೇಕೆಂಬುದನ್ನು ಆಟ 256 ಪಾಲಿನ ಲೆಕ್ಕದಲ್ಲಿ ನಿರ್ಧರಿಸುತ್ತದೆ. ಸಫಾರಿಯ ಬಾಗಿಲಲ್ಲೇ ಇರುವ ನಡುವಿನ ಬಯಲಿನಲ್ಲಿ ಚಾನ್ಸಿಯ ಪಾಲು 256ರಲ್ಲಿ ಕೇವಲ 3. ಉತ್ತರದ ಬಯಲಿನಲ್ಲಿ ಅದೇ ಚಾನ್ಸಿಗೆ 11. ನಮ್ಮ ಹುಡುಗ ಎಂಟು ದಿನವೂ ಬಾಗಿಲ ಬಳಿಯೇ ಸುತ್ತಿದ್ದ. "ದೂರ ಹೋದ್ರ ಹೆಜ್ಜಿ ಖರ್ಚಾಗ್ತಾವ್ರಿ ಸರ" ಎಂಬುದು ಅವನ ವಾದ.

ವಾದವನ್ನು ಲೆಕ್ಕಕ್ಕೆ ಹಚ್ಚಿದೆವು. ಒಂದು ಸುತ್ತಿನಲ್ಲಿ 40 ಪ್ರಾಣಿ ಎದುರಾಗುತ್ತವೆ ಎಂದಿಟ್ಟುಕೊಳ್ಳಿ. ನಡುವಿನ ಬಯಲಿನಲ್ಲಿ ಪ್ರತಿ ಸಲವೂ ಚಾನ್ಸಿ ಬಾರದಿರುವ ಸಂಭವನೀಯತೆ 253/256. ಅದನ್ನು 40 ಸಲ ಗುಣಿಸಿ 1ರಿಂದ ಕಳೆದರೆ, ಒಮ್ಮೆಯಾದರೂ ಕಾಣುವ ಸಂಭವ ಶೇ. 38. ಉತ್ತರಕ್ಕೆ ನಡೆಯಲು ಹೆಜ್ಜೆ ಖರ್ಚಾಗಿ ಅಲ್ಲಿ ಬರೀ 25 ಪ್ರಾಣಿ ಎದುರಾದವು ಎನ್ನಿ. ಆಗಲೂ ಸಂಭವ ಶೇ. 67! ನಡೆದದ್ದು ವ್ಯರ್ಥವಲ್ಲ.

ಇದು ನಮ್ಮ ಭಾಗದವರಿಗೆ ಹೊಸ ಮಾತೇನೂ ಅಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ಸಿಗುತ್ತದೆ. ಅಷ್ಟು ವಿರಳವಾದದ್ದನ್ನು ಹುಡುಕುವವರು ಸಿಂಧನೂರಿನ ಭತ್ತದ ಗದ್ದೆ ಅಗೆಯುತ್ತಾ ಕೂರುವುದಿಲ್ಲ, ಕಲ್ಲಿನ ಜಾತಿ ನೋಡಿ ಜಾಗ ಆರಿಸುತ್ತಾರೆ. ಅದೃಷ್ಟವೂ ಹಾಗೆ ನಡೆದಾಡುವವರಿಗೇ ಒಲಿಯುವುದು. 1915ರಲ್ಲಿ ಮಸ್ಕಿಯ ಬೆಟ್ಟದಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು ಕಂಡುಹಿಡಿದ ಬೀಡನ್ ಕೂಡ ಚಿನ್ನದ ಗಣಿ ಎಂಜಿನಿಯರೇ ಆಗಿದ್ದರು.

ಎರಡನೆಯ ಉಪಾಯ: ನೇರವಾಗಿ ಎಸೆ

ಪ್ರಾಣಿ ಎದುರಾಯಿತು. ಈಗ ಕಲ್ಲೋ, ಆಹಾರವೋ, ಚೆಂಡೋ? ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾವೇ ಇಟ್ಟುಕೊಳ್ಳೋಣ. ಒಂದು ಚೆಂಡಿಗೆ ಸೆರೆ ಸಿಗುವ ಸಂಭವ ಶೇ. 10, ಪ್ರತಿ ಸರದಿಯ ಕೊನೆಗೆ ಓಡಿಹೋಗುವ ಸಂಭವ ಶೇ. 20. ಇಂತಹ 100 ಪ್ರಾಣಿಗಳು ಎದುರಾದವು ಎನ್ನೋಣ.

ಬರೀ ಚೆಂಡು ಎಸೆದರೆ ಮೊದಲ ಸಲ 10 ಸೆರೆ. ಉಳಿದ 90ರಲ್ಲಿ 18 ಓಡುತ್ತವೆ, 72 ನಿಲ್ಲುತ್ತವೆ. ಎರಡನೆಯ ಸಲ 7ಕ್ಕಿಂತ ತುಸು ಹೆಚ್ಚು, ಮೂರನೆಯ ಸಲ 5ಕ್ಕಿಂತ ತುಸು ಹೆಚ್ಚು. ಹೀಗೆ ಕೂಡುತ್ತಾ ಹೋದರೆ ಒಟ್ಟು 36 ಸೆರೆ.

ಮೊದಲು ಕಲ್ಲೆಸೆದರೆ? ಚೆಂಡು ಎಸೆಯುವ ಮೊದಲೇ 40 ಓಡಿದವು. ಉಳಿದ 60ರ ಮೇಲೆ ಶೇ. 20ರಂತೆ ಮೊದಲ ಚೆಂಡಿಗೆ 12 ಸೆರೆ, ಆದರೆ ಉಳಿದವೂ ಬೇಗ ಬೇಗ ಓಡುತ್ತವೆ. ಸಿಟ್ಟು ಕೊನೆಯವರೆಗೂ ಇಳಿಯದಿದ್ದರೆ ಒಟ್ಟು 23.

ಆಹಾರ? ಓಡುವವು ಕಡಿಮೆ, ನಿಜ. ಆದರೆ ತಿನ್ನುವುದು ಕೆಲವೇ ಸರದಿ. ತಿಂದು ಮುಗಿಸಿದ ಮೇಲೆ ಓಡುವ ಸಂಭವ ಮೊದಲಿನಷ್ಟೇ ಆಗುತ್ತದೆ, ಸೆರೆ ಸಿಗುವ ಸಂಭವ ಮಾತ್ರ ಅರ್ಧದಲ್ಲೇ ಉಳಿಯುತ್ತದೆ. ಮೂರು ಸರದಿ ತಿನ್ನುತ್ತದೆ ಎಂದುಕೊಂಡರೆ ಒಟ್ಟು 25.

ಈ ಅಂಕಿಗಳಿಗೆ ನೇರವಾಗಿ ಚೆಂಡು ಎಸೆಯುವುದೇ ಮೇಲು. ಅಂಕಿ ಬದಲಾದರೆ ಉತ್ತರವೂ ಬದಲಾಗಬಹುದು, ಲೆಕ್ಕ ಹಾಕಿಯೇ ನೋಡಬೇಕು. ಹುಡುಗ ಬಾಯಿಬಿಟ್ಟುಕೊಂಡು ನೋಡಿದ. "ನಾ ಪ್ರತಿ ಸಲ ಮೊದ್ಲು ಕಲ್ಲ ಹೊಡೀತಿದ್ನೆಲ್ರಿ ಸರ!"

ಮೂರನೆಯ ಮಾತು: ಆಟಕ್ಕೆ ನೆನಪಿಲ್ಲ

ಈಗ ಆ ಎದೆ ಝಲ್ಲೆನಿಸಿದ ಮಾತಿಗೆ ಬರುತ್ತೇನೆ. 200 ಸಲ ಬಂದಿಲ್ಲ, ಆದ್ದರಿಂದ ಮುಂದಿನದು ಸಿಕ್ಕೇ ಸಿಗುತ್ತದೆ. ಹೌದೇ?

ಅಲ್ಲ. 201ನೆಯ ಸಲವೂ ಸಂಭವ 256ರಲ್ಲಿ 3 ಮಾತ್ರ. ಮೊದಲ ಸಲ ಎಷ್ಟಿತ್ತೋ ಅಷ್ಟೇ, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ. ಹುಡುಗ ಎಂಟು ದಿನ ಕಷ್ಟಪಟ್ಟಿದ್ದಾನೆ ಎಂಬುದು ಆಟಕ್ಕೆ ಗೊತ್ತಿಲ್ಲ. 200 ಸಲ ಬರಿಗೈ ಆಗುವುದು ದೊಡ್ಡ ದುರದೃಷ್ಟವೂ ಅಲ್ಲ. ಲೆಕ್ಕದ ಪ್ರಕಾರ ಹಾಗೆ ಆಡಿದ ಸುಮಾರು ಹತ್ತು ಹುಡುಗರಲ್ಲಿ ಒಬ್ಬನಿಗೆ ಹಾಗೆ ಆಗಿಯೇ ಆಗುತ್ತದೆ.

ಹಾಗಾದರೆ ನಮ್ಮ ಮನಸ್ಸಿಗೆ ಈ ತಪ್ಪು ಭಾವನೆ ಬರುವುದೇಕೆ? ಇದಕ್ಕೊಂದು ಪ್ರಯೋಗವಿದೆ, ಮನೆಯಲ್ಲಿ ಮಾಡಿ. ಒಂದು ಡಬ್ಬಿಯಲ್ಲಿ 256 ಕಡಲೆಕಾಳು ಎಣಿಸಿ ಹಾಕಿ. ಅದರಲ್ಲಿ 3 ಕಾಳಿಗೆ ಕೆಂಪು ಬಣ್ಣ ಹಚ್ಚಿ. ಕಣ್ಣು ಮುಚ್ಚಿ ಒಂದೊಂದೇ ತೆಗೆಯಿರಿ. ತೆಗೆದದ್ದನ್ನು ಹೊರಗೆ ಇಡುತ್ತಾ ಹೋದರೆ ಡಬ್ಬಿ ಬರಿದಾಗುತ್ತದೆ, ಕೆಂಪು ಕಾಳಿನ ಸಂಭವ ನಿಜಕ್ಕೂ ಏರುತ್ತದೆ. ಚೀಲದಲ್ಲಿ ಕಳೆದ ಸೂಜಿ, ಗುಡ್ಡೆ ಹಾಕಿದ ಶೇಂಗಾದಲ್ಲಿ ಬಿದ್ದ ಉಂಗುರ, ನಮ್ಮ ದಿನನಿತ್ಯದ ಹುಡುಕಾಟವೆಲ್ಲ ಹೀಗೇ. ಹುಡುಕಿದಷ್ಟೂ ಸಮೀಪ. ನಮ್ಮ ಬುದ್ಧಿ ಇದಕ್ಕೆ ಒಗ್ಗಿಕೊಂಡಿದೆ.

ಈಗ ಇನ್ನೊಂದು ರೀತಿ ಮಾಡಿ. ತೆಗೆದ ಕಾಳನ್ನು ನೋಡಿ ಮತ್ತೆ ಡಬ್ಬಿಗೇ ಹಾಕಿ, ಕುಲುಕಿ, ಮತ್ತೆ ತೆಗೆಯಿರಿ. ಈಗ ಎಷ್ಟು ಸಲ ತೆಗೆದರೂ ಡಬ್ಬಿ ಹಾಗೆಯೇ ಇರುತ್ತದೆ. ಆಟ ಈ ಎರಡನೆಯ ಡಬ್ಬಿ. ನಾವು ಮಾತ್ರ ಅದನ್ನು ಮೊದಲನೆಯದೆಂದು ತಿಳಿದು ಕೈ ಹಾಕುತ್ತಿರುತ್ತೇವೆ.

ನಾನೂ ಹಾಕಿದ್ದ ಕೈ

ಪಾಲಕರೇ, ಇದು ಮಕ್ಕಳಾಟದ ಮಾತಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಸೇರುವ ಹೊತ್ತಿನಲ್ಲಿ, ಶುಲ್ಕಕ್ಕೆಂದು ಅಪ್ಪ ಜೋಳ ಮಾರಿ ಕೊಟ್ಟ ಹಣ ನನ್ನ ಕಿಸೆಯಲ್ಲಿತ್ತು. ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಲಾಟರಿ ಟಿಕೆಟ್ ತೂಗುಹಾಕಿದ್ದರು. ಕೊನೆಯ ಅಂಕಿ 7 ಬಂದು ಬಹಳ ದಿನವಾಗಿದೆ, ಇಂದು ಬಂದೇ ಬರುತ್ತದೆ ಎಂದು ಏಳರ ಟಿಕೆಟ್ ಕೊಂಡೆ. ಮರುದಿನವೂ ಕೊಂಡೆ. ಹದಿನೈದು ದಿನದಲ್ಲಿ ಅರ್ಧ ಹಣ ಹೋಯಿತು. ವಿಜ್ಞಾನದ ಪದವಿ ಇದ್ದೂ ಮಂಕು ಕವಿದಿತ್ತು. ಅವ್ವ ತನ್ನ ಕಿವಿಯ ಬೆಂಡೋಲೆ ಬಿಚ್ಚಿ ಕೊಟ್ಟಳು, ಒಂದು ಮಾತೂ ಆಡಲಿಲ್ಲ. ಆ ಮೌನ ಇಂದಿಗೂ ನನಗೆ ಪಾಠ.

ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಆದರೆ ಮಟ್ಕಾದ ಚೀಟಿ ಬರೆಸುವವರ ಬಾಯಲ್ಲಿ ಇಂದಿಗೂ ಅದೇ ಮಾತು: "ಈ ನಂಬರ್ ಬಂದು ಭಾಳ ದಿನ ಆತು, ಇವತ್ತು ಬರ್ತದ." ಕಾಯ್ದೆ ಅಂಗಡಿ ಮುಚ್ಚಿಸಬಹುದು, ತಲೆಯೊಳಗಿನ ಆ ಒಂದು ತಪ್ಪು ವಾಕ್ಯವನ್ನು ತೆಗೆಯಬೇಕಾದವರು ನಾವು, ಮನೆಯವರು ಮತ್ತು ಮೇಷ್ಟ್ರುಗಳು.

ಆದ್ದರಿಂದ ಮೊಬೈಲ್ ಕಸಿದುಕೊಂಡು ಬೈದರಷ್ಟೇ ಸಾಲದು. ಆಡುವ ಹೊತ್ತಿಗೆ ಮಿತಿ ಹಾಕಿ. ಆಟಕ್ಕೆ ಕೂರುವ ಮೊದಲೇ "ಇವತ್ತು ಎರಡು ಸುತ್ತು ಮಾತ್ರ" ಎಂದು ಮಗನೇ ಬರೆದಿಡಲಿ. ಸಿಗಲಿ ಬಿಡಲಿ, ಎರಡಕ್ಕೆ ಏಳಬೇಕು. ಸಿಗದಿದ್ದಾಗ ಏಳುವುದನ್ನು ಕಲಿಯುವುದೇ ನಿಜವಾದ ಗೆಲುವು. ಏನೂ ಕಳೆದುಕೊಳ್ಳದ ಆಟದಲ್ಲಿ ಅದನ್ನು ಕಲಿತವನು, ಮುಂದೆ ಸಂಬಳ ಕಳೆದುಕೊಳ್ಳುವ ಆಟದಿಂದಲೂ ಎದ್ದು ಬರುತ್ತಾನೆ. ಒಮ್ಮೆ ಪಕ್ಕದಲ್ಲಿ ಕುಳಿತು ಆ ಗೀಟುಗಳ ಲೆಕ್ಕವನ್ನೂ ಕೇಳಿ. ಗಣಿತದಲ್ಲಿ ಹಿಂದೆ ಇರುವ ನಮ್ಮ ಹುಡುಗ 200 ಗೀಟನ್ನು ಒಂದೂ ತಪ್ಪದೆ ಹಾಕಿದ್ದ!

ಹತ್ತು ದಿನದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ಅವನು ನಿಂತಿದ್ದ. "ಉತ್ತರದಾಗ ಬಂತ್ರಿ ಸರ ಚಾನ್ಸಿ. ಎರಡು ಚೆಂಡು ಒಗದೆ. ಓಡಿಹೋತು."

"ಆಮೇಲೆ?"

"ಎರಡು ಸುತ್ತು ಮುಗದಿದ್ವು. ಮೊಬೈಲ್ ಅವ್ವಗ ಕೊಟ್ಟೆ."

ವಿದ್ಯಾರ್ಥಿ ಮಿತ್ರರೇ, ಈ ವಾರದ ಪ್ರಶ್ನೆ: 256 ಕಡಲೆಕಾಳಿನಲ್ಲಿ 3 ಕೆಂಪು. ತೆಗೆದದ್ದನ್ನು ಮರಳಿ ಹಾಕದೆ 200 ಕಾಳು ತೆಗೆದಿರಿ, ಒಂದೂ ಕೆಂಪಲ್ಲ. 201ನೆಯದು ಕೆಂಪಾಗಿರುವ ಸಂಭವನೀಯತೆ ಎಷ್ಟು? ಮರಳಿ ಹಾಕುತ್ತಾ ಬಂದಿದ್ದರೆ ಎಷ್ಟು? ಎರಡೂ ಉತ್ತರ ಬರೆದು ಪಕ್ಕ ಪಕ್ಕ ಇಟ್ಟು, ಅಪ್ಪ ಅವ್ವನಿಗೂ ತೋರಿಸಿ. ಸರಿಯುತ್ತರ ಮುಂದಿನ ವಾರ.