ಬಿಲ್ ಆಯ್ತು, ಕೆಲಸ ಆಯ್ತಾ?

ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯ ಕೆಲಸ 1959ರಲ್ಲಿ ಶುರುವಾಗಿ 1974ರಲ್ಲಿ ಮುಗಿಯಿತು. ಅಷ್ಟು ವರ್ಷ ಸುತ್ತಲಿನ ಊರುಗಳಿಗೆ ಪ್ರಗತಿ ವರದಿ ಬೇಕಿರಲಿಲ್ಲ. ಕಟ್ಟೆ ಎಷ್ಟು ಮೇಲೆದ್ದಿದೆ ಎಂಬುದು ಹೊಲದಲ್ಲಿ ನಿಂತರೇ ಕಾಣುತ್ತಿತ್ತು. ಈಗ ಅದೇ ಎಚ್.ಡಿ. ಕೋಟೆ ತಾಲ್ಲೂಕಿನ ಯಾವುದೋ ಬೀದಿಗೆ ನೂರು ಮೀಟರ್ ಸಿ.ಸಿ. ರಸ್ತೆ ಬಿದ್ದರೆ ಅದರ ದಪ್ಪವೆಷ್ಟು, ಗುತ್ತಿಗೆ ಹಿಡಿದವರು ಯಾರು, ಲೆಕ್ಕದಲ್ಲಿ ಮುಗಿದಿದೆಯೋ ಇಲ್ಲವೋ ಎಂದು ಆ ಬೀದಿಯವರೇ ಹೇಳಲಾರರು. ಗುದ್ದಲಿ ಪೂಜೆಯ ದಿನ ಶಾಸಕರ ಪಕ್ಕ ನಿಂತಿದ್ದವರೇ ಕಂಟ್ರಾಕ್ಟರ್ ಇರಬೇಕು ಎಂದು ಊಹಿಸಿಕೊಳ್ಳುವುದೊಂದೇ ದಾರಿ.

ಕಾಗದದಲ್ಲಿ ಎಲ್ಲವೂ ಬಿಗಿಯಾಗಿದೆ. ಲೋಕೋಪಯೋಗಿ ಇಲಾಖೆ ಗುತ್ತಿಗೆದಾರರನ್ನು ನಾಲ್ಕು ದರ್ಜೆಗಳಲ್ಲಿ ನೋಂದಾಯಿಸಿಕೊಳ್ಳುತ್ತದೆ. ದರ್ಜೆ ಇಳಿದಂತೆ ಹಿಡಿಯಬಹುದಾದ ಕೆಲಸದ ಮೊತ್ತವೂ ಇಳಿಯುತ್ತದೆ. ಟೆಂಡರ್‌ಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಆದರೆ ಅದರದ್ದೇ 4(ಜಿ) ಕಲಮಿನಡಿ ಸರ್ಕಾರ ಟೆಂಡರ್‌ನಿಂದ ವಿನಾಯಿತಿಯನ್ನೂ ಕೊಡಬಹುದು. ಜನ ಇಂದಿಗೂ ಭೂಸೇನೆ ಎಂದೇ ಕರೆಯುವ ಕೆ.ಆರ್.ಐ.ಡಿ.ಎಲ್. ಸರ್ಕಾರಿ ನಿಗಮವಾಗಿ ಹುಟ್ಟಿದ್ದು ಕಬಿನಿ ಮುಗಿದ 1974ರಲ್ಲೇ, ಅದೂ ಗುತ್ತಿಗೆದಾರರನ್ನು ದೂರವಿಡಲೆಂದು. ಅಂಥ ಸಂಸ್ಥೆಗೆ ಈ ವಿನಾಯಿತಿಯಡಿ ಕೆಲಸ ನೇರವಾಗಿ ಹೋದಾಗ, ಸ್ಥಳದಲ್ಲಿ ನಿಂತು ಕಾಂಕ್ರೀಟ್ ಹಾಕಿಸುವವರ ದರ್ಜೆ ಯಾವುದು ಎಂಬ ಪ್ರಶ್ನೆಯೇ ಕಡತದಲ್ಲಿ ಏಳುವುದಿಲ್ಲ.

ಸ್ವಂತ ಮನೆಯ ಕಥೆ ಇನ್ನೂ ಸ್ವಾರಸ್ಯ. ಗೋಡೆ ಎತ್ತುವ ಮೇಸ್ತ್ರಿಗೆ ಯಾವ ಲೈಸೆನ್ಸೂ ಬೇಡ. ವೈರಿಂಗ್ ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮೂಲಕವೇ ಆಗಬೇಕು, ಇಲ್ಲದಿದ್ದರೆ ವಿದ್ಯುತ್ ಕಂಪನಿ ಸೆಸ್ಕ್ ಮೀಟರ್ ಕೊಡದು. ಕರೆಂಟಿಗಿರುವ ಕಾನೂನು ಗೋಡೆಗಿಲ್ಲ.

ಮತ್ತೆ ಊರ ಕೆಲಸಕ್ಕೆ ಬರೋಣ. ಬೆಳಗಾವಿ ಪಕ್ಕದ ಹಿಂಡಲಗಾದಲ್ಲಿ 2021ರಲ್ಲಿ ಕಾರ್ಯಾದೇಶವೇ ಇಲ್ಲದೆ ನೂರಕ್ಕೂ ಹೆಚ್ಚು ಕಾಮಗಾರಿ ನಡೆದುಹೋದವು. ಬಿಲ್ಲಿಗಾಗಿ ಅಲೆದ ಗುತ್ತಿಗೆದಾರ 2022ರ ಏಪ್ರಿಲ್‌ನಲ್ಲಿ ಉಡುಪಿಯಲ್ಲಿ ತೀರಿಕೊಂಡ ಮೇಲಷ್ಟೇ ರಾಜ್ಯದ ಗಮನ ಅತ್ತ ಹೋಯಿತು. ಚರ್ಚೆಯೆಲ್ಲ ಕಮಿಷನ್ ಆರೋಪದ ಸುತ್ತಲೇ ಸುತ್ತಿತು, ಸಹಜವೇ. ಆದರೆ ಅಷ್ಟು ಕೆಲಸ ಕಣ್ಣೆದುರೇ ಸಾಗುವಾಗ ‘ಆರ್ಡರ್ ಕಾಪಿ ತೋರಿಸಿ’ ಎನ್ನುವ ರೂಢಿ ಊರಿನಲ್ಲಿ ಏಕಿರಲಿಲ್ಲ ಎಂಬುದು ಅದಕ್ಕಿಂತ ಸಣ್ಣ ಪ್ರಶ್ನೆಯೇನಲ್ಲ.

ಕಾಮಗಾರಿಯ ಜಾಡು ಹಿಡಿಯಲು ಸಾಧನಗಳಿಗೆ ಬರವಿಲ್ಲ. ಗ್ರಾಮೀಣಾಭಿವೃದ್ಧಿ ಇಲಾಖೆಗೆ ‘ಗಾಂಧಿ ಸಾಕ್ಷಿ ಕಾಯಕ’ ಎಂಬ ತಂತ್ರಾಂಶವಿದೆ. ರಾಜೀವ್ ಗಾಂಧಿ ವಸತಿ ನಿಗಮದ ಮನೆಗಳಿಗೆ ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತಕ್ಕೆ ಜಿ.ಪಿ.ಎಸ್. ಫೋಟೊ ಏರಿದ ಮೇಲೇ ಕಂತು. ಈ ಎರಡನೆಯದು ಜನರಿಗೆ ಬಾಯಿಪಾಠ, ಏಕೆಂದರೆ ಕಂತಿಗೆ ಕಾಯುವವರು ಮನೆಯವರೇ. ರಸ್ತೆ, ಚರಂಡಿಯ ಬಿಲ್ಲಿಗೆ ಕಾಯುವವನು ಗುತ್ತಿಗೆದಾರ, ಜನರಲ್ಲ. ಮೇಲಾಗಿ ಛಾವಣಿ ಬಿದ್ದಿದೆ ಎಂದು ಫೋಟೊ ಹೇಳೀತು. ಕ್ಯೂರಿಂಗ್‌ಗೆ ಎಷ್ಟು ದಿನ ನೀರು ಹಾಕಿದರು ಎಂದು ಹೇಳದು.

ನಿಜವಾದ ಲೆಕ್ಕ ಇರುವುದು ಎಂಜಿನಿಯರ್ ಕೈಯ ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ. ಉದ್ದ, ಅಗಲ, ದಪ್ಪ, ಅಳೆದ ತಾರೀಖು, ಸಹಿ ಎಲ್ಲವೂ ಅಲ್ಲಿರಬೇಕು. ಟೇಪು ಹಿಡಿಯಬಲ್ಲ ಯಾರೇ ಆದರೂ ಅದನ್ನು ಸ್ಥಳದೊಂದಿಗೆ ತಾಳೆ ನೋಡಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಕಲಂ ದಾಖಲೆಯ ನಕಲಿಗಷ್ಟೇ ನಿಲ್ಲುವುದಿಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಡುತ್ತದೆ. ಅರ್ಜಿಗೆ 10 ರೂಪಾಯಿ, ಬಿ.ಪಿ.ಎಲ್. ಕುಟುಂಬಕ್ಕೆ ಅದೂ ಇಲ್ಲ.

ಆದರೆ ಮನೆ ಮುಂದಿನ ಚರಂಡಿಯ ದಪ್ಪ ತಿಳಿಯಲು ಜೇನುಕುರುಬರ ಹಾಡಿಯ ಹೆಣ್ಣುಮಗಳು ಅರ್ಜಿ ಬರೆಸಿಕೊಂಡು ತಿಂಗಳುಗಟ್ಟಲೆ ಕಾಯಬೇಕೇಕೆ? ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳ ಬದಿಯ ಫಲಕಕ್ಕೆ ಐದು ವರ್ಷದ ನಿರ್ವಹಣೆಯ ವಿವರ ಬರೆಯಲು ಸಾಧ್ಯವಾದರೆ, ಪಂಚಾಯಿತಿ ಕಾಮಗಾರಿಯ ಜಾಗದಲ್ಲೂ ಮೊದಲ ದಿನವೇ ಗುತ್ತಿಗೆದಾರರ ಹೆಸರು, ದರ್ಜೆ, ನೋಂದಣಿ ಸಂಖ್ಯೆ, ಕಾರ್ಯಾದೇಶದ ತಾರೀಖು ಕಾಣಬೇಕು. ಬಿಲ್ ಪಾಸಾಗುವ ಮುನ್ನ ಎಂ.ಬಿ.ಯಲ್ಲಿ ಆ ಕೆಲಸದ ಪುಟವನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಗ್ರಾಮಸಭೆ ಆರು ತಿಂಗಳಿಗೊಮ್ಮೆ, ಬಿಲ್ ಅಲ್ಲಿಯವರೆಗೆ ಕಾಯದು ಎಂಬ ತಕರಾರು ಬಂದೇ ಬರುತ್ತದೆ. ಹಾಗಿದ್ದರೆ ಪುಟದ ನಕಲನ್ನು ಒಂದು ವಾರ ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಿ, ಆಮೇಲೆ ಸಹಿ ಹಾಕಲಿ.