ಫ್ಯಾನಿಗೂ ಒಂದು ಸ್ನಾನ

ಮಕ್ಕಳೇ, ಮೂರ್ನಾಡಿನಲ್ಲಿ ಕಾಫಿಗೆ ಹೂಮಳೆ ಕಾಯುವ ದಿನಗಳು ಬಂದವೆಂದರೆ ಸೆಕೆಯೂ ಬಂತೆಂದೇ ಲೆಕ್ಕ. ನಾನು ಚಿಕ್ಕವನಿದ್ದಾಗ ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಫ್ಯಾನು ಅಪರೂಪ. ಈಗ ಅದಿಲ್ಲದೆ ಮಧ್ಯಾಹ್ನದ ನಿದ್ದೆಯಿಲ್ಲ. ಮಳೆಗಾಲ, ಚಳಿಗಾಲವೆಲ್ಲ ಸುಮ್ಮನೆ ನೇತಾಡಿದ ಅದರ ರೆಕ್ಕೆಗಳ ಮೇಲೆ ಧೂಳು ಕೂತಿರುತ್ತದೆ. ಹಾಗೇ ಸ್ವಿಚ್ ಹಾಕಿದರೆ ಅದೆಲ್ಲ ಅಜ್ಜಿಯ ಊಟದ ತಟ್ಟೆಗೇ!

ಮೊದಲು ಮೇನ್ ಸ್ವಿಚ್ ಆರಿಸಬೇಕು. ಹಳೆಯ ದಿಂಬಿನ ಕವರನ್ನು ರೆಕ್ಕೆಗೆ ತೊಡಿಸಿ, ಒತ್ತಿ ಎಳೆದರೆ ಧೂಳು ಕವರಿನೊಳಗೇ ಉಳಿಯುತ್ತದೆ. ಏಣಿ ಹತ್ತುವುದು ಅಪ್ಪ ಅಮ್ಮನ ಕೆಲಸ. ಅಜ್ಜಂದಿರೇ, ನಾವು ಕೆಳಗೆ ನಿಂತು ಏಣಿ ಹಿಡಿಯೋಣ. ನಮ್ಮ ಸೊಂಟದ ಮೂಳೆ ಫ್ಯಾನಿಗಿಂತ ದುಬಾರಿ. ಒರೆಸಿದ ಮೇಲೂ ಫ್ಯಾನು ನಿಧಾನವಾಗಿ ತಿರುಗಿದರೆ ಹೆಚ್ಚಾಗಿ ಕೆಪಾಸಿಟರ್ ಸೊರಗಿರುತ್ತದೆ. ಎಲೆಕ್ಟ್ರಿಷಿಯನ್ ಬಂದು ಅದನ್ನು ಬದಲಿಸಿದರೆ ಸಾಕು.

ಫ್ಯಾನು ಕೋಣೆಯನ್ನು ತಂಪು ಮಾಡುವುದಿಲ್ಲ, ಗೊತ್ತೇ? ನಮ್ಮ ಮೈಯ ಬೆವರನ್ನು ಬೇಗ ಆರಿಸುತ್ತದೆ, ಅದರಿಂದ ನಮಗೆ ತಂಪು. ಖಾಲಿ ಕೋಣೆಯಲ್ಲಿ ತಿರುಗಿದರೆ ಕರೆಂಟು ದಂಡ. ಹಳೆಯ ಫ್ಯಾನು ಸುಮಾರು 75 ವ್ಯಾಟಿನದು. 13 ಗಂಟೆ ಓಡಿದರೆ ಹತ್ತಿರ ಹತ್ತಿರ 1 ಯೂನಿಟ್. ಕೋಣೆಯನ್ನು ತಂಪಾಗಿಡುವುದು ಕಿಟಕಿ. ನಮ್ಮೂರಿನ ಬೆಳಗಿನ ಜಾವ ಇನ್ನೂ ತಣ್ಣಗಿದೆ. ಆಗ ಕಿಟಕಿ ತೆರೆದು, ಬಿಸಿಲೇರುವ ಮುಂಚೆ ಮುಚ್ಚಿ ಪರದೆ ಎಳೆಯಿರಿ. ಇದನ್ನು ಮಕ್ಕಳೇ ಮಾಡಬಹುದು, ಏಣಿ ಬೇಡ.