ತೆರೆದ ಬಾಗಿಲು, ಓದುವ ಬಗೆ

ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಆರು ಮಂದಿ ವಿದ್ಯಾರ್ಥಿಗಳೊಡನೆ ಶುರುವಾದ ಎರಡು ವರ್ಷದ ಕಾಲೇಜಿನಿಂದ ಲೆಕ್ಕ ಹಿಡಿದರೆ, ಅಮೆರಿಕದ ಕಮ್ಯುನಿಟಿ ಕಾಲೇಜುಗಳಿಗೆ ನೂರಿಪ್ಪತ್ತು ವರ್ಷ ದಾಟಿದೆ. ಅವು ಕೊಟ್ಟ ಮಾತು ದೊಡ್ಡದು. ಯಾರೇ ಬರಲಿ, ಹಿಂದಿನ ಅಂಕಪಟ್ಟಿ ಹೇಗೇ ಇರಲಿ, ಬಾಗಿಲು ತೆರೆದಿರುತ್ತದೆ ಎಂಬುದು ಆ ಮಾತು. ಯುದ್ಧ ಮುಗಿಸಿ ಬಂದ ಸೈನಿಕರು 1944ರ ಕಾಯಿದೆಯ ಬಲದಿಂದ ಕಾಲೇಜು ಮೆಟ್ಟಿಲು ಹತ್ತಿದರು. ಇಂಥ ಕಾಲೇಜುಗಳು ದೇಶವಿಡೀ ಹರಡಬೇಕೆಂದು ಟ್ರೂಮನ್ ಆಯೋಗ 1947ರಲ್ಲಿ ವರದಿ ಕೊಟ್ಟಿತು. ಅರವತ್ತರ ದಶಕದಲ್ಲಿ ಹೆಚ್ಚುಕಡಿಮೆ ವಾರಕ್ಕೊಂದರಂತೆ ಹೊಸ ಕಾಲೇಜುಗಳು ತೆರೆದವು. ಕ್ಯಾಲಿಫೋರ್ನಿಯದಲ್ಲಂತೂ 1984ರವರೆಗೆ ರಾಜ್ಯದ ನಿವಾಸಿಗಳು ಬೋಧನಾ ಶುಲ್ಕ ಕಟ್ಟಬೇಕಾಗಿರಲಿಲ್ಲ. ಹಗಲು ದುಡಿದು ಸಂಜೆ ತರಗತಿಗೆ ಬರುವವರು, ಕೈಕೂಸಿನ ತಾಯಂದಿರು, ವಲಸೆ ಬಂದವರು, ಮನೆತನದಲ್ಲೇ ಮೊದಲು ಕಾಲೇಜು ಕಂಡವರು ಎಲ್ಲರೂ ಒಳಗೆ ಬಂದರು. ಆದರೆ ಬಂದವರಲ್ಲಿ ಬಹಳಷ್ಟು ಮಂದಿ ಪದವಿಯಿಲ್ಲದೆ ಹಿಂತಿರುಗಿದರು. ಈ ಕಾಲೇಜುಗಳು ಬಡವರ ಮಕ್ಕಳ ಹಂಬಲವನ್ನು ನೋವಾಗದಂತೆ ಕುಗ್ಗಿಸಿ ಕಳುಹಿಸುತ್ತಿವೆ ಎಂಬರ್ಥದಲ್ಲಿ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1960ರಲ್ಲೇ ಬರೆದಿದ್ದರು.

ಆ ಸಂಕಟದಿಂದ ಹುಟ್ಟಿದ್ದು ಓದುವ ಬಗೆಯನ್ನೇ ಪಾಠವಾಗಿ ಕಲಿಸುವ ಕೋರ್ಸುಗಳು. ಸಾಮಗ್ರಿ ಮೊದಲೇ ಸಿದ್ಧವಿತ್ತು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ 1946ರ ತಮ್ಮ ಪುಸ್ತಕದಲ್ಲಿ ಐದು ಹಂತದ ಕ್ರಮವೊಂದನ್ನು ಹೇಳಿದ್ದರು: ಪಾಠದ ಮೇಲೆ ಮೊದಲು ಕಣ್ಣಾಡಿಸು, ಪ್ರಶ್ನೆ ಹಾಕಿಕೋ, ಓದು, ನೋಡದೆ ಹೇಳಿಕೋ, ಮತ್ತೆ ಪರಿಶೀಲಿಸು. ಕಾರ್ನೆಲ್‌ನ ವಾಲ್ಟರ್ ಪಾಕ್ ಟಿಪ್ಪಣಿ ಹಾಳೆಗೆ ಎಡಗಡೆ ಗೆರೆ ಎಳೆದು ಪ್ರಶ್ನೆಗಳಿಗೆ ಜಾಗ ಬಿಡುವುದನ್ನು ಕಲಿಸಿದರು. 1970ರಲ್ಲಿ ರೊಚ್ಚಿಗೆದ್ದ ವಿದ್ಯಾರ್ಥಿಗಳು ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಅಧ್ಯಕ್ಷರನ್ನು ಅವರ ಕಚೇರಿಯಲ್ಲೇ ಘೇರಾವ್ ಮಾಡಿದರು. ಹೊಸಬರನ್ನು ಕಾಲೇಜಿಗೆ ಹೊಂದಿಸುವ ತರಗತಿಯೊಂದು ಬೇಕೆಂದು ಆ ಅಧ್ಯಕ್ಷರು ಆಮೇಲೆ ಆಲೋಚಿಸಿ, 1972ರಲ್ಲಿ ಅದನ್ನು ಆರಂಭಿಸಿದರು. ಮುಂದಿನ ದಶಕಗಳಲ್ಲಿ ಈ ಮಾದರಿ ಕಮ್ಯುನಿಟಿ ಕಾಲೇಜುಗಳಿಗೂ ಹಬ್ಬಿತು. ವೇಳಾಪಟ್ಟಿ ಹಾಕುವುದು, ಟಿಪ್ಪಣಿ ಬರೆಯುವುದು, ಪರೀಕ್ಷೆಯ ದಿಗಿಲು ಹಿಡಿತಕ್ಕೆ ತಂದುಕೊಳ್ಳುವುದು, ಅಧ್ಯಾಪಕರ ಕೋಣೆಗೆ ಅಳುಕದೆ ಹೋಗುವುದು ಎಲ್ಲಕ್ಕೂ ಕ್ರೆಡಿಟ್ ಸಿಕ್ಕಿತು. ಇದು ಸಣ್ಣ ಲಾಭವಲ್ಲ. ಓದು, ಓದು ಎಂದು ಗದರಿದ ಹಿರಿಯರು ನಮಗೆಲ್ಲರಿಗೂ ಇದ್ದರು. ಪಕ್ಕದಲ್ಲಿ ಕೂತು ಹೇಗೆ ಓದಬೇಕೆಂದು ತೋರಿಸಿದವರು ಎಷ್ಟು ಜನಕ್ಕಿದ್ದರು? ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಯ ಭೌತಶಾಸ್ತ್ರವನ್ನು ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಿಸಿದವರಿಗೆ ಈ ಕೋರ್ಸಿನ ಬೆಲೆ ವಿವರಿಸಬೇಕಾಗಿಲ್ಲ.

ಆದರೆ ಆ ತರಗತಿಗಳಲ್ಲಿ ಏನನ್ನು ಕಲಿಸಲಾಯಿತು ಎಂಬುದನ್ನು ಹಿಂತಿರುಗಿ ನೋಡಿದಾಗ ಮನಸ್ಸು ಭಾರವಾಗುತ್ತದೆ. ನೀನು ನೋಡಿ ಕಲಿಯುವವನು, ನೀನು ಕೇಳಿ ಕಲಿಯುವವಳು ಎಂದು ವಿದ್ಯಾರ್ಥಿಗಳನ್ನು ವಿಂಗಡಿಸುವ ಪ್ರಶ್ನಾವಳಿಗಳು ವರ್ಷಗಟ್ಟಲೆ ನಡೆದವು. ಹಾಗೆ ವಿಂಗಡಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆನ್ನಲು ತಕ್ಕ ಆಧಾರವಿಲ್ಲವೆಂದು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಸಾಲುಗಳಿಗೆ ಬಣ್ಣ ಬಳಿಯುವುದು, ಅದೇ ಪುಟವನ್ನು ಮತ್ತೆ ಮತ್ತೆ ಓದುವುದು ಅಷ್ಟಾಗಿ ಫಲ ಕೊಡುವುದಿಲ್ಲ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮತ್ತು ಓದನ್ನು ದಿನಗಳ ಮೇಲೆ ಹಂಚಿಕೊಳ್ಳುವುದು ಹೆಚ್ಚು ಫಲ ಕೊಡುತ್ತವೆ ಎಂದು ಜಾನ್ ಡನ್‌ಲಾಸ್ಕಿ ಮತ್ತವರ ಜೊತೆಗಾರರು 2013ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಜಾಲಾಡಿ ಹೇಳಿದರು. ನಮ್ಮ ಕೂಲಿಮಠಗಳ ಉರು ಹೊಡೆಯುವ ಪದ್ಧತಿಯನ್ನು ನಾವು ಸುಮ್ಮನೆ ಹಳಿಯುತ್ತ ಬಂದಿದ್ದೇವೆ. ಅದರಲ್ಲಿ ಅರ್ಥವರಿಯದೆ ಗಟ್ಟಿ ಮಾಡುವುದು ಒಂದು ಭಾಗ, ಮರುದಿನ ಅಯ್ಯನವರ ಮುಂದೆ ನಿಂತು ಪುಸ್ತಕ ನೋಡದೆ ಒಪ್ಪಿಸುವುದು ಇನ್ನೊಂದು. ಆ ಎರಡನೆಯ ಭಾಗವನ್ನು ವಿಜ್ಞಾನ ಎತ್ತಿಹಿಡಿದಿದೆ. ರಾಬಿನ್ಸನ್ನರ ನಾಲ್ಕನೆಯ ಹಂತವೂ ಅದೇ ಆಗಿತ್ತು. ಕೈಯಲ್ಲೇ ಇದ್ದದ್ದನ್ನು ಬದಿಗಿಟ್ಟು ಕಳೆದ ವರ್ಷಗಳಿಗೆ ಬೆಲೆ ತೆತ್ತವರು ಎರಡನೆಯ ಅವಕಾಶವಿಲ್ಲದ ವಿದ್ಯಾರ್ಥಿಗಳು.

ಈ ಕೋರ್ಸುಗಳ ಫಲವನ್ನು ಅಳೆಯುವ ಕೆಲಸ ತಡವಾಗಿ ನಡೆಯಿತು. ಫ್ಲಾರಿಡಾದ ಕಮ್ಯುನಿಟಿ ಕಾಲೇಜುಗಳ ದಾಖಲೆ ನೋಡಿದ ಸಂಶೋಧಕರಿಗೆ, ಈ ಕೋರ್ಸು ಓದಿದವರು ಪದವಿ ಮುಗಿಸುವ ಸಾಧ್ಯತೆ ಹೆಚ್ಚೆಂದು 2007ರ ಹೊತ್ತಿಗೆ ಕಂಡಿತು. ಅದು ಕೋರ್ಸಿನ ಗುಣವೋ ಅದನ್ನು ಆರಿಸಿಕೊಂಡವರ ಗುಣವೋ ಎಂಬ ಸಂದೇಹ ಉಳಿಯಿತು. ನಾರ್ತ್ ಕ್ಯಾರೊಲಿನಾದ ಗಿಲ್ಫರ್ಡ್ ಟೆಕ್ನಿಕಲ್ ಕಮ್ಯುನಿಟಿ ಕಾಲೇಜಿನಲ್ಲಿ ಚೀಟಿ ಎತ್ತಿದಂತೆ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2012ರಲ್ಲಿ ಹೊರಬಂದಾಗ ಸಿಕ್ಕ ಉತ್ತರ ನಿರಾಸೆಯದು: ವಿದ್ಯಾರ್ಥಿಗಳ ಆತ್ಮಾವಲೋಕನ ಬೆಳೆದಿತ್ತು, ಒಟ್ಟಾರೆ ಓದಿನ ಫಲಿತಾಂಶ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ. ಗಣಿತದ ಕೋಣೆಯಲ್ಲಿ ಎಡವುವವನಿಗೆ ಓದುವ ಬಗೆಯನ್ನು ಬೇರೊಂದು ಕೋಣೆಯಲ್ಲಿ ಕಲಿಸುವುದು ಕೆರೆಯ ದಡದಲ್ಲಿ ಕೂರಿಸಿ ಈಜು ಹೇಳಿಕೊಟ್ಟಂತೆ ಎಂದು ನಮಗೆ ಅನಿಸುತ್ತದೆ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ಆರಂಭಿಸಿದ ‘ಎಸಾಪ್’ ಯೋಜನೆ ಬೇರೆ ದಾರಿ ಹಿಡಿಯಿತು. ಅದರಲ್ಲೂ ಓದುವ ಬಗೆಯ ತರಗತಿಯಿತ್ತು, ಆದರೆ ಒಂಟಿಯಾಗಿರಲಿಲ್ಲ. ಅದರ ಜೊತೆಗೆ ವಿದ್ಯಾರ್ಥಿಯನ್ನು ಬಲ್ಲ ಸಲಹೆಗಾರರು, ಬೋಧಕ ನೆರವು, ಬಸ್ಸು–ಮೆಟ್ರೊ ಪಾಸು, ಪುಸ್ತಕದ ಖರ್ಚು ಎಲ್ಲವೂ ಇದ್ದವು. ಮೂರು ವರ್ಷದಲ್ಲಿ ಪದವಿ ಪಡೆದವರು ಅಲ್ಲಿ ಶೇ. 40, ಈ ನೆರವು ಸಿಗದ ಗುಂಪಿನಲ್ಲಿ ಶೇ. 22.

ಅದೇ ವರ್ಷಗಳಲ್ಲಿ ರಾಜಕೀಯದ ಭರವಸೆಗಳೂ ಬಂದುಹೋದವು. 2009ರಲ್ಲಿ ಮಿಷಿಗನ್ನಿನ ಮಕೋಂಬ್ ಕಾಲೇಜಿನಲ್ಲಿ ಅಧ್ಯಕ್ಷ ಒಬಾಮ 1,200 ಕೋಟಿ ಡಾಲರಿನ ಯೋಜನೆ ಘೋಷಿಸಿ, 2020ರೊಳಗೆ ಕಮ್ಯುನಿಟಿ ಕಾಲೇಜುಗಳಿಂದ ಇನ್ನೂ 50 ಲಕ್ಷ ಮಂದಿ ಪದವಿ ಇಲ್ಲವೆ ಪ್ರಮಾಣಪತ್ರ ಪಡೆಯಬೇಕೆಂದರು. ಮರುವರ್ಷ ಕಾಂಗ್ರೆಸ್ಸು ಒಪ್ಪಿದ್ದು 200 ಕೋಟಿಯನ್ನು, ಅದೂ ಉದ್ಯೋಗ ತರಬೇತಿಗೆ. ಪ್ರವೇಶದ ಸಂಖ್ಯೆ 2010ರ ಆಸುಪಾಸಿನಲ್ಲಿ ಏರಿ ನಿಂತು ಆಮೇಲೆ ಇಳಿಯತೊಡಗಿತು. ಕೊರೋನಾ ಮತ್ತಷ್ಟು ಜನರನ್ನು ಹೊರಗೆ ದೂಡಿತು. ಕ್ಯಾಲಿಫೋರ್ನಿಯ 2017ರಲ್ಲಿ ಕಾನೂನು ಮಾಡಿ, ಪ್ರವೇಶದ ಹೊತ್ತಿನ ಪರೀಕ್ಷೆಯ ಬಲದಿಂದ ವಿದ್ಯಾರ್ಥಿಗಳನ್ನು ಪೂರಕ ತರಗತಿಗಳಿಗೆ ತಳ್ಳುವುದನ್ನು ತಡೆಯಿತು. ಆ ತರಗತಿಗಳ ಸರಪಳಿಯಲ್ಲೇ ವರ್ಷ ಕಳೆದುಹೋಗುತ್ತಿದ್ದ ಸಾವಿರಾರು ಮಂದಿಗೆ ಇದು ಬಿಡುಗಡೆ. ಕನ್ನಡಿಗರ ಮನೆಗಳು ಸಾಕಷ್ಟಿರುವ ಕ್ಯುಪರ್ಟಿನೋದ ಡಿ ಆಂಝಾದಂಥ ಕಾಲೇಜಿನಿಂದ ದೊಡ್ಡ ವಿಶ್ವವಿದ್ಯಾಲಯಕ್ಕೆ ದಾಟುವ ದಾರಿಯೂ ಇದರಿಂದ ಚಿಕ್ಕದಾಯಿತು. ಆದರೆ ಮೊದಲ ಪ್ರಯತ್ನದಲ್ಲಿ ನಪಾಸಾದವರಿಗೆ ನಿಧಾನವಾಗಿ, ಸಂಕೋಚವಿಲ್ಲದೆ ಮೊದಲಿನಿಂದ ಕಲಿಯುವ ಜಾಗ ಕಿರಿದಾಯಿತು. ಈ ನಷ್ಟವನ್ನು ಸುಧಾರಕರು ಒಪ್ಪಿಕೊಳ್ಳಬೇಕು.

ನ್ಯೂಯಾರ್ಕಿನ ಯೋಜನೆಯನ್ನು ಒಹಾಯೊದ ಮೂರು ಕಾಲೇಜುಗಳು ತಮ್ಮಲ್ಲಿ ನಡೆಸಿ ನೋಡಿದವು. ಅಲ್ಲಿಯೂ ಪದವಿ ಪಡೆದವರು ಹೆಚ್ಚುಕಡಿಮೆ ಎರಡು ಪಟ್ಟಾದರು. ತಲಾ ಖರ್ಚು ಹೆಚ್ಚೆಂಬುದು ಈ ಯೋಜನೆಯ ಮೇಲಿನ ಆಕ್ಷೇಪ. ನ್ಯೂಯಾರ್ಕಿನ ಲೆಕ್ಕದಲ್ಲಿ ಒಬ್ಬ ಪದವೀಧರನಿಗೆ ತಗಲುವ ಖರ್ಚು ಇದರಿಂದ ಕಡಿಮೆಯೇ ಆಗಿತ್ತು. ಆದ್ದರಿಂದ ರಾಜ್ಯಗಳು ಕಮ್ಯುನಿಟಿ ಕಾಲೇಜುಗಳಿಗೆಂದು ತೆಗೆದಿಡುವ ಹಣವನ್ನು ಮೊದಲು ಸಲಹೆಗಾರರ ನೇಮಕಕ್ಕೆ, ಅದರ ಬೆನ್ನಿಗೆ ಗಣಿತ ಮತ್ತು ಇಂಗ್ಲಿಷ್ ಅಧ್ಯಾಪಕರು ತಮ್ಮ ಪಾಠದೊಳಗೇ ಓದುವ ಬಗೆಯನ್ನೂ ಕಲಿಸುವಂತೆ ಅವರ ತರಬೇತಿಗೆ ಕೊಡಬೇಕೆಂಬುದು ನಮ್ಮ ಒತ್ತಾಯ.